ದೀಪ ಪರೀಕ್ಷಕನಾಗಿ ನಾನು ಹೋದ ಕಾಲೇಜು

ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ ಎಂದು ಇಪ್ಪತ್ತೆರಡು ವರ್ಷ ಗೊಣಗುತ್ತಾ ಬಂದವನು ನಾನು. ಈ ವರ್ಷ ನನ್ನ ಮಗಳು ಇದ್ದಕ್ಕಿದ್ದಂತೆ ಆ ಮಾತಿಗೆ ಬೆಲೆ ಕೊಟ್ಟುಬಿಟ್ಟಳು. ಅವತ್ತು ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ.

ನನ್ನದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆ ಮಾಡುವವನೂ ನಾನೇ, ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನೂ ನಾನೇ. ಈ ವೃತ್ತಿಯಲ್ಲಿ ಒಂದು ದೊಡ್ಡ ಅನುಕೂಲವಿದೆ. ಗಿರಾಕಿ ಗದ್ದವನ್ನು ಯಂತ್ರದ ಮೇಲಿಟ್ಟು, ಹಣೆಯನ್ನು ಪಟ್ಟಿಗೆ ಒತ್ತಿ ಕೂತ ಮೇಲೆ ಅವನು ಏಳುವಂತಿಲ್ಲ, ತಲೆ ಅಲ್ಲಾಡಿಸುವಂತಿಲ್ಲ, ಬಾಯಿ ತೆರೆಯುವಂತಿಲ್ಲ. ಇಂಥ ಶ್ರೋತೃವೃಂದ ದೊಡ್ಡ ದೊಡ್ಡ ಭಾಷಣಕಾರರಿಗೂ ಸಿಗುವುದಿಲ್ಲ. (ಮನೆಯಲ್ಲೂ ಅಂಥದೊಂದು ಯಂತ್ರ ಇಡಬೇಕೆಂಬುದು ನನ್ನ ಬಹುದಿನಗಳ ಆಸೆ. ನನ್ನಾಕೆ ಒಪ್ಪಿಲ್ಲ.)

ಆದ್ದರಿಂದ ಮಗಳಿಗೆ ದೊಡ್ಡ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ ಎಂಬ ಕಾಗದ ಬಂದ ದಿನವೇ ಹದಿನೇಳು ಜನ ಗಿರಾಕಿಗಳು ಗದ್ದ ಒತ್ತಿಕೊಂಡು ಆ ಶುಭವಾರ್ತೆಯನ್ನು ಕೇಳಿಸಿಕೊಂಡರು. ಮೇಲಿನ ಮಹಡಿಯ ಹಲ್ಲಿನ ಡಾಕ್ಟರಿಗೆ ಮಾತ್ರ ಖುದ್ದಾಗಿ ಮೆಟ್ಟಿಲು ಹತ್ತಿ ಹೋಗಿ ಹೇಳಿದೆ. ಅವರ ಮಗನಿಗೆ ಅಲ್ಲಿ ಸೀಟು ಸಿಕ್ಕಿರಲಿಲ್ಲ. ಡಾಕ್ಟರು ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು, "ಸಂತೋಷ" ಎಂದರು. ಆ ಒಂದು ಸಂತೋಷವನ್ನು ನಾನು ಮೂರು ದಿನ ಚಪ್ಪರಿಸಿದೆ.

ನಾಲ್ಕನೆಯ ದಿನ ಇನ್ನೊಂದು ಕಾಗದ ಬಂತು. ಎರಡು ಬಸ್ಸು ಹಿಡಿದು ಹೋಗಬೇಕಾದ, ನಾನು ಹೆಸರೇ ಕೇಳಿರದ ಒಂದು ಸಣ್ಣ ಕಾಲೇಜು ಅದು. ಲಿಬರಲ್ ಆರ್ಟ್ಸ್ ಕಾಲೇಜಂತೆ. ಇಡೀ ಕಾಲೇಜಿನಲ್ಲಿ ಇನ್ನೂರು ಜನ. ಮಗಳು ಆ ಕಾಗದವನ್ನು ಓದಿ, ಮಡಚಿ, ಮತ್ತೆ ಬಿಚ್ಚಿ ಓದಿದಳು. ವಿಶ್ವವಿದ್ಯಾಲಯದ ಕಾಗದವನ್ನು ಒಂದೇ ಸಲ ಓದಿದ್ದಳು ಎಂಬುದು ಆಗಲೇ ನನ್ನ ಲಕ್ಷ್ಯಕ್ಕೆ ಬರಬೇಕಿತ್ತು.

"ಅಲ್ಲಿ ಏನು ಕಲಿಸ್ತಾರೆ?" ಎಂದು ಕೇಳಿದೆ.

"ಎಲ್ಲಾನೂ. ನಕ್ಷತ್ರ, ಇತಿಹಾಸ, ಕವಿತೆ, ಗಣಿತ."

"ಎಲ್ಲಾನೂ ಕಲಿಸೋ ಕಡೆ ಏನೂ ಬರಲ್ಲ. ಕನ್ನಡಕ, ಚಪ್ಪಲಿ, ಸೋಪು ಎಲ್ಲಾ ಮಾರೋ ಅಂಗಡೀಲಿ ನೀನು ಕಣ್ಣು ತೋರಿಸ್ತೀಯಾ?"

"ಅಪ್ಪ, ಅಲ್ಲಿ ಒಂದು ಕ್ಲಾಸಿಗೆ ಹನ್ನೆರಡೇ ಜನ. ನಾನು ಒಂದು ಪ್ರಶ್ನೆ ಕೇಳಿದ್ರೆ ಯಾರಾದ್ರೂ ನನ್ನ ಕಡೆ ತಿರುಗಿ ಉತ್ತರ ಹೇಳೋ ಜಾಗ ಬೇಕು ನನಗೆ. ಅಷ್ಟೇ."

"ಅಷ್ಟಕ್ಕೆ ಕಾಲೇಜು ಯಾಕೆ? ಮನೇಲಿ ನಾನಿಲ್ವಾ?" ಎಂದೆ.

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನಾಕೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಜನ ಏನು ಹೇಳಿದರೂ ಮುಖದಲ್ಲಿ ಏನನ್ನೂ ತೋರಿಸದೆ ಠಪ್ಪನೆ ಸೀಲು ಹೊಡೆಯುವುದು ಅವಳಿಗೆ ಅಭ್ಯಾಸ. ಅವತ್ತೂ ಹಾಗೇ ಕೈಯಲ್ಲಿದ್ದ ಲೋಟವನ್ನು ಠಪ್ಪನೆ ಮೇಜಿನ ಮೇಲಿಟ್ಟು, "ಮಾತು ಮುಗೀತಾ? ಊಟ ಆರಿ ಹೋಗ್ತಿದೆ" ಎಂದಳು.

ಮುಗಿಯಲಿಲ್ಲ. ಎರಡೂ ಕಡೆಗೆ ಉತ್ತರ ಬರೆಯಲು ಮೂರು ವಾರ ಸಮಯವಿತ್ತು, ಎರಡೂ ಫಾರ್ಮಿಗೂ ಪೋಷಕರ ಸಹಿ ಬೇಕಿತ್ತು. ವಿಶ್ವವಿದ್ಯಾಲಯದ ಫಾರ್ಮಿಗೆ ನಾನು ಅಂಗಡಿಯ ಬೋರ್ಡಿನಷ್ಟು ದೊಡ್ಡ ಅಕ್ಷರದಲ್ಲಿ ಸಹಿ ಜಡಿದೆ. ಸಣ್ಣ ಕಾಲೇಜಿನ ಫಾರ್ಮನ್ನು ಮುಟ್ಟಲೂ ಇಲ್ಲ. ಆಮೇಲೆ ಆರಂಭವಾಯಿತು ನೋಡಿ ನನ್ನ ಪ್ರಚಾರಾಂದೋಲನ. ತಿಂಡಿಯ ಹೊತ್ತಿಗೆ ಅಲ್ಲಿನ ಹನ್ನೊಂದು ಅಂತಸ್ತಿನ ಗ್ರಂಥಾಲಯದ ವರ್ಣನೆ. ಊಟದ ಹೊತ್ತಿಗೆ, ಮುನ್ನೂರು ಜನರ ನಡುವೆ ಕೂತು ಪಾಠ ಕೇಳಿದವನಿಗೆ ಬರುವ ಧೈರ್ಯದ ವರ್ಣನೆ. ಸ್ನಾನದ ಮನೆಯ ಬಾಗಿಲ ಹೊರಗೆ ನಿಂತು, "ಆ ಹೆಸರು ಹೇಳಿದ್ರೆ ಸಾಕು, ಎದುರಿಗಿರೋನು ಎದ್ದು ಕುರ್ಚಿ ಬಿಟ್ಟುಕೊಡ್ತಾನೆ" ಎಂದು ಕೂಗಿ ಹೇಳಿದ್ದೂ ಉಂಟು. ಒಳಗಿದ್ದದ್ದು ಮಗಳಲ್ಲ, ನನ್ನಾಕೆ. "ನನಗೆ ಕುರ್ಚಿ ಬೇಡ, ಟವೆಲ್ ಕೊಡಿ" ಎಂದು ಉತ್ತರ ಬಂತು.

ಮಗಳು ದಿನದಿನಕ್ಕೆ ಮೌನಿಯಾದಳು. ನನ್ನ ತರ್ಕ ನಾಟುತ್ತಿದೆ ಎಂದುಕೊಂಡೆ. ಕೊನೆಯ ಪೆಟ್ಟು ಕೊಟ್ಟುಬಿಡೋಣ ಎಂದು, ಗಡುವಿಗೆ ಎರಡು ದಿನ ಇರುವಾಗ, ಒಂದು ಗುರುವಾರ ಯಾರಿಗೂ ಹೇಳದೆ ಆ ಸಣ್ಣ ಕಾಲೇಜಿನ ಹುಳುಕು ಪಟ್ಟಿ ಮಾಡಿಕೊಂಡು ಬರಲು ಹೊರಟೆ. ಅಂಗಡಿಯ ಬಾಗಿಲಿಗೆ 'ಕಣ್ಣು ನೋವಿನ ನಿಮಿತ್ತ ರಜೆ' ಎಂದು ಚೀಟಿ ಅಂಟಿಸಿದೆ. (ಕನ್ನಡಕದ ಅಂಗಡಿಯವನು ಹಾಗೆ ಬರೆಯಬಾರದು ಎಂದು ಬಸ್ಸು ಹತ್ತಿದ ಮೇಲೆ ಹೊಳೆಯಿತು.)

ಪಟ್ಟಿ ಚೆನ್ನಾಗಿಯೇ ಶುರುವಾಯಿತು. ಗೇಟಿನಲ್ಲಿ ಕಾವಲಿನವನಿಲ್ಲ. ಗ್ರಂಥಾಲಯಕ್ಕೆ ಒಂದೇ ಅಂತಸ್ತು. ಪ್ರಿನ್ಸಿಪಾಲರ ಕೋಣೆಯ ಬಾಗಿಲು ಕಿರ್ ಎನ್ನುತ್ತದೆ. ಹೀಗೆ ಬರೆದುಕೊಳ್ಳುತ್ತಾ ಒಂದು ತರಗತಿಯ ಬಾಗಿಲಲ್ಲಿ ಇಣುಕಿದೆ. ದೊಡ್ಡ ಮೇಜಿನ ಸುತ್ತ ಹನ್ನೆರಡು ಹುಡುಗ ಹುಡುಗಿಯರು, ಅವರ ನಡುವೆಯೇ ಒಬ್ಬ ಅಧ್ಯಾಪಕಿ.

"ಯಾರು ಬೇಕಿತ್ತು?" ಎಂದು ಆಕೆ ಕೇಳಿದರು.

"ದೀಪ ಪರೀಕ್ಷಕ" ಎಂದುಬಿಟ್ಟೆ. ಬಾಯಿಗೆ ಅದೇ ಬಂತು.

"ಒಳ್ಳೇದಾಯ್ತು. ಆ ಮೂಲೇದು ಒಂದು ತಿಂಗಳಿಂದ ಉರೀತಿಲ್ಲ, ನೋಡಿ."

ಮೂಲೆಯಲ್ಲಿ ನಿಂತು ಬಲ್ಬನ್ನು ಗಂಭೀರವಾಗಿ ದಿಟ್ಟಿಸತೊಡಗಿದೆ. ಪಾಠ ಮುಂದುವರಿಯಿತು. ಹಿಂದಿನ ಕಾಲದಲ್ಲಿ ಗಾಜು ಉಜ್ಜುವವರು ದೂರದರ್ಶಕ ಮಾಡಿದ್ದು, ಜನ ಚಂದ್ರನ ಮೇಲಿನ ಗುಂಡಿಗಳನ್ನು ಮೊದಲ ಸಲ ನೋಡಿ ಬೆಚ್ಚಿದ್ದು ಅವತ್ತಿನ ವಿಷಯ. ಒಬ್ಬ ಹುಡುಗ, "ಗಾಜು ಉಬ್ಬಿದ್ರೆ ದೂರದ್ದು ಹತ್ತಿರ ಯಾಕೆ ಕಾಣತ್ತೆ ಮೇಡಂ?" ಎಂದ. ಅಧ್ಯಾಪಕಿ ಸ್ವಲ್ಪ ಯೋಚಿಸಿ, "ನನಗೆ ಸರಿಯಾಗಿ ಗೊತ್ತಿಲ್ಲ. ಗೊತ್ತಿರೋರನ್ನ ಹುಡುಕೋಣ" ಎಂದರು. ಪಾಠ ಹೇಳುವವರು ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಷ್ಟಾದರೂ ನಾನು ಬಾಯಿ ಬಿಗಿಹಿಡಿದು ಬಲ್ಬನ್ನೇ ನೋಡುತ್ತಿದ್ದೆ. ನನ್ನನ್ನು ಕೆಡಿಸಿದ್ದು ಆಕೆಯ ಉಬ್ಬುಗಾಜಿನ ಕನ್ನಡಕ. ಎರಡು ಮಾತಿಗೊಮ್ಮೆ ಮೂಗಿನ ತುದಿಗೆ ಜಾರುತ್ತಿತ್ತು, ಆಕೆ ಬೆರಳಿನಿಂದ ಮೇಲೆ ತಳ್ಳುತ್ತಿದ್ದರು. ಎಡಗಡೆಯ ಕಡ್ಡಿಯ ತಿರುಪು ಸಡಿಲವಾಗಿತ್ತು. ಹಸಿದವನ ಮುಂದೆ ಅನ್ನ ಇಟ್ಟು ಮುಟ್ಟಬೇಡ ಎಂದ ಹಾಗಾಯಿತು ನನಗೆ. "ಕೊಡಿ ಇಲ್ಲಿ" ಎಂದವನೇ ಆಕೆಯ ಮೂಗಿನಿಂದ ಕನ್ನಡಕ ತೆಗೆದು, ಜೇಬಿನ ಪುಟ್ಟ ಸ್ಕ್ರೂಡ್ರೈವರಿನಿಂದ ತಿರುಪು ಬಿಗಿದು, ಜೇಬಿನಲ್ಲಿದ್ದ ಬಟ್ಟೆಯಿಂದ ಗಾಜು ಒರೆಸಿ, ಹಾಗೇ ಅದನ್ನು ಬಿಳಿ ಹಾಳೆಯ ಮುಂದೆ ಹಿಡಿದೆ. ಹಾಳೆಯ ಮೇಲೆ ಕಿಟಕಿ ತಲೆಕೆಳಗಾಗಿ ಮೂಡಿತು. ಹನ್ನೆರಡು ತಲೆಗಳೂ ಮೇಜಿನ ಮೇಲೆ ಬಾಗಿದವು.

ಆಮೇಲೆ ನಲವತ್ತು ನಿಮಿಷ ನಾನು ಮಾತಾಡಿದೆ. ಯಾರ ಗದ್ದವೂ ಯಂತ್ರದ ಮೇಲಿರಲಿಲ್ಲ, ಆದರೂ ಯಾರೂ ಎದ್ದು ಹೋಗಲಿಲ್ಲ. ಕೊನೆಗೆ ಒಬ್ಬ ಹುಡುಗಿ, "ಇಷ್ಟು ವರ್ಷ ಬೇರೆಯವರ ಕಣ್ಣೊಳಗೆ ನೋಡಿದೀರಲ್ಲ, ನಿಮಗೆ ಏನು ಕಂಡಿತು?" ಎಂದು ಕೇಳಿದಳು. ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಎರಡೂ ಬಸ್ಸಿನಲ್ಲಿ ಅದನ್ನೇ ಯೋಚಿಸಿಕೊಂಡು ಬಂದೆ. ಮಗಳು ಎಂಥ ಜಾಗ ಬೇಕೆಂದು ಹೇಳಿದ್ದಳೋ ಅದು ಅಲ್ಲಿ ಇತ್ತು, ನಾನು ಅದಕ್ಕೆ ಅಡ್ಡಗಾಲು ಹಾಕುತ್ತಿದ್ದೆ ಎಂದು ತಿಳಿದು ನಾಚಿಕೆಯಾಯಿತು, ಖುಷಿಯೂ ಆಯಿತು.

ಸಂಜೆ ಮನೆ ಹೊಕ್ಕವನೇ ಮಹಾರಾಜನ ಗತ್ತಿನಲ್ಲಿ, "ಸಣ್ಣ ಕಾಲೇಜಿನ ಫಾರ್ಮು ತನ್ನಿ. ಅಪ್ಪಣೆ ಕೊಟ್ಟಿದೀನಿ" ಎಂದು ಘೋಷಿಸಿದೆ.

ಮಗಳು ಪುಸ್ತಕದಿಂದ ತಲೆ ಎತ್ತಿದಳು. "ಬೇಡಪ್ಪ. ನೀನೇ ಗೆದ್ದೆ. ಯೂನಿವರ್ಸಿಟಿಗೇ ಹೋಗ್ತೀನಿ. ಕಾಲೇಜಿಗೆ ಬರಲ್ಲ ಅಂತ ಬರೆದು ಬೆಳಿಗ್ಗೇನೇ ಅಮ್ಮನ ಕೈಲಿ ಕೊಟ್ಟೆ."

ನನ್ನ ಗತ್ತು ಸರ್ರನೆ ಇಳಿಯಿತು. "ಮುನ್ನೂರು ಜನರ ಮಧ್ಯೆ ನೀನು ಕಳೆದುಹೋಗ್ತೀಯಲ್ಲೇ ಪುಟ್ಟಿ" ಎಂದೆ.

"ಮುನ್ನೂರು ಜನರ ಮಧ್ಯೆ ಕೂತ್ರೆ ಧೈರ್ಯ ಬರತ್ತಪ್ಪ."

"ಹನ್ನೊಂದು ಅಂತಸ್ತು ಹತ್ತಿ ಒಂದು ಪುಸ್ತಕ ತರೋ ಹೊತ್ತಿಗೆ..."

"ಲಿಫ್ಟ್ ಇದೆ ಅಂತ ನೀನೇ ಹೇಳಿದ್ದು."

"ಬರೀ ಹೆಸರು ಇಟ್ಕೊಂಡು ಏನು ಮಾಡೋದು?"

"ಕುರ್ಚಿ ಸಿಗತ್ತೆ" ಎಂದವಳು, ಪುಸ್ತಕ ಮುಚ್ಚಿ, "ನೀನು ಎಲ್ಲರಿಗೂ ಹೇಳಿಬಿಟ್ಟಿದೀಯ. ನಾಳೆ ಹಲ್ಲಿನ ಡಾಕ್ಟರ ಮುಂದೆ ನೀನು ತಲೆ ತಗ್ಗಿಸೋದು ನನಗೆ ಬೇಡ" ಎಂದಳು.

ಅಡಿಗೆಮನೆಗೆ ಓಡಿ, "ಲೇ, ಆ ಕಾಗದ ವಾಪಸ್ ತೆಗಿ" ಎಂದೆ. ನನ್ನಾಕೆ ಪಾತ್ರೆ ತೊಳೆಯುತ್ತಲೇ, "ಡಬ್ಬಕ್ಕೆ ಬಿದ್ದ ಕಾಗದ ವಾಪಸ್ ಕೇಳೋಕೆ ಅರ್ಜಿ ಬರೀಬೇಕು. ಕಾರಣ ತೋರಿಸಬೇಕು" ಎಂದಳು.

"ಕಾರಣ ನಾನೇ. ನಾನು ಹೇಳಿದ್ದು ತಪ್ಪು."

ಅವಳು ನಲ್ಲಿ ನಿಲ್ಲಿಸಿದಳು. "ನೀರಿನ ಶಬ್ದದಲ್ಲಿ ಕೇಳಿಸ್ಲಿಲ್ಲ. ಇನ್ನೊಂದ್ಸಲ."

"ಮೂರು ವಾರ ನಾನು ಹೇಳಿದ್ದೆಲ್ಲಾ ತಪ್ಪು" ಎಂದು ಮಗಳಿಗೂ ಕೇಳುವ ಹಾಗೆ ಹೇಳಿದೆ.

ನನ್ನಾಕೆ ಕೈ ಒರೆಸಿಕೊಂಡು, ತನ್ನ ಬ್ಯಾಗಿನಿಂದ ಆ ಕಾಗದವನ್ನು ತೆಗೆದು ಮೇಜಿನ ಮೇಲಿಟ್ಟಳು. ಅದು ಡಬ್ಬಕ್ಕೆ ಬಿದ್ದೇ ಇರಲಿಲ್ಲ. "ಇವಳು ಅತ್ತುಕೊಂಡು ಕೊಟ್ಟ ಕಾಗದ. ಒಂದು ದಿನ ತಡೀಲಿ ಅಂತ ಇಟ್ಕೊಂಡಿದ್ದೆ. ನಾನು ಕೆಲಸದಿಂದ ಬಂದ ಕೂಡಲೇ ಆ ಕಾಲೇಜಿನ ಮೇಡಂ ಫೋನ್ ಮಾಡಿದ್ರು. ದೀಪ ಪರೀಕ್ಷಕರು ಬಂದಿದ್ರಂತೆ. ದೀಪ ಹಾಗೇ ಇದೆಯಂತೆ, ಕನ್ನಡಕ ಸರಿಹೋಯ್ತಂತೆ."

ನಾನು ಗಾಜು ಒರೆಸಿ ಅಲ್ಲೇ ಬಿಟ್ಟು ಬಂದ ಬಟ್ಟೆಯ ಮೇಲೆ ಅಂಗಡಿಯ ಹೆಸರು, ನನ್ನ ಹೆಸರು, ಮನೆಯ ಫೋನ್ ನಂಬರು ಮೂರೂ ಅಚ್ಚಾಗಿದ್ದವು. ಸಾಲದ್ದಕ್ಕೆ, 'ನನ್ನ ಮಗಳಾಗಿದ್ರೆ ಇದನ್ನೇ ಕೇಳ್ತಿದ್ಳು' ಎಂದು ನಲವತ್ತು ನಿಮಿಷದಲ್ಲಿ ಐದು ಸಲ ಹೇಳಿದ್ದೆನಂತೆ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೂರು ವಾರದಿಂದ ಕೇಳಿರದ ನಗು ಅದು. ನಾನೂ ನಕ್ಕೆ, ಸಣ್ಣ ಕಾಲೇಜಿನ ಫಾರ್ಮಿಗೆ ಸಹಿ ಹಾಕಲು ಪೆನ್ನು ಹುಡುಕಿದೆ.

"ಇನ್ನೊಂದು ವಿಷಯ" ಎಂದಳು ನನ್ನಾಕೆ. "ಮುಂದಿನ ವರ್ಷ ಪೂರ್ತಿ ಪ್ರತಿ ಗುರುವಾರ ನೀವು ಬಂದು ಅಲ್ಲಿ ಒಂದು ಕ್ಲಾಸಿಗೆ ಮಾತಾಡಬೇಕಂತೆ. ಮನೇಲಿ ಒಂದು ದಿನ ಶಾಂತಿ ಇರತ್ತೆ ಅಂತ ನಾನು ಆಗಲೇ ಒಪ್ಪಿಕೊಂಡೆ."

ಸ್ವರ್ಗಕ್ಕೆ ಎರಡೇ ಬಸ್ಸು ಎನಿಸಿತು ನನಗೆ. ಆದರೆ ಮಗಳ ನಗು ನಿಂತುಹೋಗಿತ್ತು. "ಯಾವ ಕ್ಲಾಸು?" ಎಂದಳು.

"ಹೊಸದಾಗಿ ಸೇರೋ ಮೊದಲನೇ ವರ್ಷದವರದು."

"ಅಂದ್ರೆ ನಂದು." ಅವಳು ವಿಶ್ವವಿದ್ಯಾಲಯದ ಫಾರ್ಮನ್ನು ಕೈಗೆತ್ತಿಕೊಂಡಳು. "ಅಪ್ಪ ಅಲ್ಲಿಗೆ ಬರೋದಾದ್ರೆ ನಾನು ಇಲ್ಲಿಗೇ ಹೋಗ್ತೀನಿ. ಆರು ಗಂಟೆ ಹೊತ್ತು ರೈಲಲ್ಲಿ ಕೂರಬೇಕು. ಅಪ್ಪ ಬರಕ್ಕಾಗಲ್ಲ."

ನಾನು ನನ್ನಾಕೆಯ ಮುಖ ನೋಡಿದೆ. ಅವಳು ತನ್ನ ಗುರುವಾರಗಳಿಗಾಗಿ ನಿಟ್ಟುಸಿರು ಬಿಟ್ಟು, ನನ್ನ ಮುಂದೆ ಒಂದು ಬಿಳಿ ಹಾಳೆ ತಂದಿಟ್ಟಳು. ಮೊದಲು ಮಗಳ ಸಣ್ಣ ಕಾಲೇಜಿನ ಫಾರ್ಮಿಗೆ ಸಹಿ ಹಾಕಿದೆ. ಆಮೇಲೆ ಆ ಹಾಳೆಯ ಮೇಲೆ, 'ತಮ್ಮ ಆಹ್ವಾನಕ್ಕೆ ಚಿರಋಣಿ. ಅನಿವಾರ್ಯ ಕೌಟುಂಬಿಕ ಕಾರಣಗಳಿಂದ...' ಎಂದು ಶುರುಮಾಡಿದೆ. ಕೌಟುಂಬಿಕ ಕಾರಣ ನನ್ನ ಹೆಗಲ ಮೇಲೆ ಗದ್ದವಿಟ್ಟು ಪ್ರತಿ ಅಕ್ಷರವನ್ನೂ ಓದುತ್ತಾ ನಿಂತಿತ್ತು. "ಪದವಿ ಕೊಡೋ ದಿನ ಬಾ ಅಪ್ಪ. ಮಾತಾಡಬೇಡ, ಚಪ್ಪಾಳೆ ತಟ್ಟು" ಎಂದಿತು.

ಹೀಗೆ ನಮ್ಮ ಮನೆಯಿಂದ ಒಂದೇ ಕಾಲೇಜಿಗೆ ಒಂದೇ ಲಕೋಟೆಯಲ್ಲಿ ಎರಡು ಕಾಗದ ಹೋದವು. ಬರುತ್ತೇನೆ ಎಂದು ಮಗಳದು, ಬರಲಾಗುವುದಿಲ್ಲ ಎಂದು ನನ್ನದು. ನನ್ನಾಕೆ ಲಕೋಟೆಯನ್ನು ಅಂಗೈಯಲ್ಲಿ ತೂಗಿ ನೋಡಿ, ಎರಡಕ್ಕೂ ಸೇರಿ ಒಂದೇ ಸ್ಟಾಂಪು ಸಾಕು ಎಂದಳು.