ಬಾಜೂಮನ್ಯಾಗಿನ ಹಡಗ

ಸುದ್ದಿ ಹುಡಿಕ್ಕೊಂಡು ನಾ ಎಂದೂ ಯಾರ ಬಾಗಲಕ್ಕೂ ಹೋದಾಕಿ ಅಲ್ಲ. ಕಟ್ಟಿ ಮ್ಯಾಲೆ ಶೇಂಗಾ ಸುಲಕೋಂತ ಕುಂತಿರ್ತೇನಿ, ಅದ ಬಂದು ನನ್ನ ಬಾಜೂಕ ಕುಂದ್ರತೈತಿ. ಬಂದದ್ದನ್ನ ಎಬ್ಬಿಸಿ ಕಳಸಾಕ ಮನಸಾಗೂದಿಲ್ಲ. ನಾಕು ಮನಿ ತೋರಿಸಿ ಕಳಸ್ತೇನಿ, ಅಷ್ಟ.

ಹಳೇ ಬಾಗಲಕೋಟಿ ಹಿನ್ನೀರಿಗೆ ಹೋದಾಗ ನಾವು ನವನಗರಕ್ಕ ಬಂದ್ವಿ. ಇಲ್ಲಿ ರಸ್ತಾ ಅಗಲ, ಮನಿ ದೂರ ದೂರ. ಒಬ್ಬರ ಮನಿ ಜಗಳ ಇನ್ನೊಬ್ಬರಿಗೆ ಕೇಳಸೂದಿಲ್ಲ. ನಕ್ಷಾ ತಗದಾವಗ ಇನ್ನೂ ಮದವಿ ಆಗಿರಲಿಲ್ಲ ಅಂತ ಕಾಣತೈತಿ.

ನಮ್ಮ ಮನಿಯವರು ಹಳೇ ಊರಾಗ ಹೊಳಿ ದಾಟಸೂ ಅಂಬಿಗರು. ದೋಣಿ ಹೋತು, ಹುಟ್ಟು ಹೋತು, ಅದರ ಜೋಡಿ ಅವರ ಮಾತೂ ಹೋತು. ಇಲ್ಲಿಗೆ ಬಂದ ಮ್ಯಾಲೆ "ಹೂಂ" ಒಂದು, "ಊಹೂಂ" ಒಂದು, ಎರಡರಾಗ ಸಂಸಾರ ನಡದೈತಿ. ನನ್ನ ಕರೀಬೇಕಾದ್ರ "ಏ". ಮದವ್ಯಾಗ ಅತ್ತಿ ನನ್ನ ತವರುಮನಿ ಹೆಸರು ತಗದು ಶಾಂತವ್ವ ಅಂತ ಇಟ್ಟಳು. ಆಕಿ ಏನು ಆಸೆ ಇಟ್ಕೊಂಡು ಇಟ್ಟಳೋ, ಅದು ಕೈಗೂಡಲಿಲ್ಲ. ಅವತ್ತು ಹೆಂಗಸರೆಲ್ಲ ಬಾಗಲಕ್ಕ ಅಡ್ಡ ನಿಂತಿದ್ದಕ್ಕ ನಮ್ಮವರು ಒಡಪು ಕಟ್ಟಿ ಆ ಹೆಸರು ಒಮ್ಮೆ ಹೇಳಿದ್ರು. ಐವತ್ತು ವರ್ಷ ಆತು, ಎರಡನೇ ಸಲ ಹೇಳಿಲ್ಲ. ನನ್ನ ಮನಸಿನ್ಯಾಗ ಒಂದ ಇತ್ತು: ಕಣ್ಣು ಮುಚ್ಚೂದ್ರಾಗ ಈ ಮನುಷ್ಯಾನ ಬಾಯಿಲೆ ನನ್ನ ಹೆಸರು ಇನ್ನೊಮ್ಮೆ ಕೇಳಬೇಕು. ಯಾರ ಮುಂದೂ ಹೇಳಿರಲಿಲ್ಲ. ನನ್ನಲ್ಲಿ ಉಳದ ಸುದ್ದಿ ಅಂದ್ರ ಅದೊಂದ.

೧. ಕಿವಿಯಾಗಿನ ಗಂಡಸು

ಬಾಜೂಮನಿ ಸೊಸಿ ಇಳಕಲ್ಲಿನಾಕಿ. ಮದವಿ ಆಗಿ ವರ್ಷ ತುಂಬಿಲ್ಲ. ಗಂಡ ಬಸ್ಸಿನ ಡ್ರೈವರ್, ಮುಂಜಾನಿ ಹೋದ್ರ ಸಂಜಿಗೇ ಬರಾಂವ. ಒಂದಿನ ಮಧ್ಯಾಹ್ನ ಮೊಸರಿಗೆ ಹೆಪ್ಪು ಕೇಳೂಣು ಅಂತ ಅವರ ಹಿತ್ತಲ ಬಾಗಲಾಗ ನಿಂತೆ. ಒಳಗಿಂದ ಆಕಿ ದನಿ ಬಂತು.

"ಸಪ್ಪಳ ಮಾಡಬ್ಯಾಡಲೇ. ಹಿಂದಿನಿಂದ ಬಾ. ಎದರಿಗೆ ಬಂದ್ರ ನೋಡಿಬಿಡ್ತಾರ."

ನಾ ಹೆಪ್ಪು ಮರತೆ.

"ದೀಪಾ ಆರಸು. ಹಾಂ. ಈಗ ಸನೇ ಬಾ. ಇನ್ನೂ ಸನೇ ಬಾ."

ಗಂಡಗ ಯಾರರ "ಲೇ" ಅಂತಾರೇನು? ಅಂದ ಮ್ಯಾಲೆ ಇಂವ ಗಂಡ ಅಲ್ಲ. ಆಕಿ ಅತ್ತಿ ನಮ್ಮ ಕಟ್ಟಿ ಮ್ಯಾಲೆ ಹಪ್ಪಳ ಕಾಯಕೋಂತ ಕುಂತಿದ್ಲು. ಓಡಿ ಬಂದೆ. ಚಾಡಿ ಏನೂ ಹೇಳಲಿಲ್ಲ. "ನಿನ್ನ ಸೊಸಿಗೆ ತವರುಮನಿ ಕಡೆ ಗುರ್ತಿನವರು ಭಾಳ ಮಂದಿ ಅದಾರೇನವಾ?" ಅಂತ ಇಷ್ಟ ಕೇಳಿದೆ. ಹಪ್ಪಳ ಕಾಗಿಗೆ ಬಿಟ್ಟು ಆಕಿ ಎದ್ದಳು. ದಾರ್ಯಾಗ ಹಾಲಿನಾಕಿ ಸಿಕ್ಕಳು, ಆಕಿಗೂ ಎರಡು ಮಾತು ಅಂದೆ.

ಒಳಗ ಹೋಗಿ ನೋಡಿದ್ರ ಟೀವಿ ತುಂಬ ನೀರು. ನೀರಾಗ ಹಡಗ. ಸೊಸಿ ಕಿವಿಗೆ ಎರಡು ಬಟ್ಟಲಾ ಕಟ್ಟಿಕೊಂಡು, ಕೈಯಾಗ ಗುಂಡಿ ಇದ್ದ ರಿಮೋಟ್ ಹಿಡಕೊಂಡು ಕುಂತಾಳ. ಅತ್ತಿ ಬಟ್ಟಲಾ ಕಸಗೊಂಡು ಅದರಾಗ ಒದರಿದ್ಲು, "ಯಾವನಲೇ ನೀ?"

ಒಳಗಿಂದ ದನಿ ಬಂತು. "ಅತ್ತ್ಯಾರ, ಶರಣ್ರಿ. ನಾನ್ರಿ, ನಿಮ್ಮ ಸೊಸಿ ತಮ್ಮ. ಇಳಕಲ್ಲಾಗ ಸೀರಿ ಅಂಗಡ್ಯಾಗ ಅದೇನ್ರಿ. ಗಿರಾಕಿ ಇದ್ದಿದ್ದಿಲ್ಲ, ಅಕ್ಕನ ಜೋಡಿ ಒಂದೀಟು ದರೋಡಿಗೆ ಬಂದಿದ್ದೆ."

ಅದು ವಿಡಿಯೋ ಗೇಮ್ ಅಂತ. ಹಡಗದ ಕಳ್ಳರ ಆಟ. ಅಂವ ಅಲ್ಲಿ ಕುಂದ್ರತಾನ, ಈಕಿ ಇಲ್ಲಿ ಕುಂದ್ರತಾಳ, ಇಬ್ಬರೂ ಕೂಡಿ ಸಮುದ್ರದಾಗ ಮಂದಿ ಹಡಗ ಹೊಡೀತಾರ. ಸೊಸಿ ಅಂಜಿ ಅಳೂ ಹಂಗ ಆಗಿದ್ಲು. ಅತ್ತಿ ದುರುಗುಟ್ಟಿ ಟೀವಿ ನೋಡಿದ್ಲು.

"ನಮ್ಮದು ಯಾವುದು?"

"ಕೆಂಪು ಹಾಯಿದು, ಅತ್ತಿ."

"ಆ ಕರೇ ಹಡಗ?"

"ವೈರಿಗಳದು."

"ಮತ್ತ ನನ್ನ ಮಾರಿ ಏನ ನೋಡ್ತಿ? ಹೊಡಿ ಅದನ್ನ!"

ನಾ ಹಾಲಿನಾಕಿಗೆ ಕೊಟ್ಟಿದ್ದ ಆ ಎರಡು ಮಾತು ತಿರಿಗಿ ಇಸಕೊಳ್ಳಾಕ ಎಂಟು ದಿನ ಹಿಡೀತು. ಮನಿ ಮನಿಗೆ ಹೋಗಿ "ತಮ್ಮ ಅವಾ, ಒಡಹುಟ್ಟಿದ ತಮ್ಮ" ಅಂತ ಹೇಳಿ ಬಂದೆ. ಕೇಳಿದವರಿಗೆಲ್ಲ ಬ್ಯಾಸರಾತು.

೨. ನಿಂಬಿಹಣ್ಣು

ಆಟದಾಗ ಸೊಸಿಗೆ ದೊಡ್ಡ ಹೊಸಾ ಹಡಗ ಸಿಕ್ತು. ಅದಕ್ಕ ಹಾಯಿ ಬೇಕಾದ ಬಣ್ಣದ್ದು ಹಾಕಬಹುದಂತ. ಆಕಿ ಇಳಕಲ್ ಸೀರಿ ಸೆರಗಿನ ಹಂಗ ಕೆಂಪು ಹಾಕಿ, ನಡುವ ಬಿಳೇ ತೆನಿ ಚಿತ್ತಾರ ತಗದಿದ್ಲು. ಸಮುದ್ರದ ನಡುವ ಮುತ್ತೈದಿ ನಿಂತಂಗ ಕಾಣತಿತ್ತು.

ಆಕಿ ಅತ್ತಿ ಹಟ ಹಿಡದ್ಲು. "ಪೂಜಿ ಇಲ್ಲದ ಹೊಸಾ ಗಾಡಿ ನಮ್ಮ ಮನ್ಯಾಗ ಹೊರಬಿದ್ದಿಲ್ಲ."

ಟೀವಿಗೆ ವಿಭೂತಿ, ಕುಂಕುಮ ಆತು. ಕಾಯಿ ಒಡದದ್ದಾತು. ಇಳಕಲ್ಲಿನ ತಮ್ಮ ಟೀವಿಯೊಳಗಿಂದ ಹಲಬತಿದ್ದ, "ಅಕ್ಕಾ, ಗಾಳಿ ಚಲೋ ಬಿಟ್ಟೈತಿ, ಹೊಂಡೂಣೇನು?" ಅತ್ತಿ ಅಂದ್ಲು, "ತಡ್ಯೋ ತಮ್ಮಾ, ನಿಂಬಿಹಣ್ಣು ಉಳದೈತಿ."

ನಿಂಬಿಹಣ್ಣು ಇಡೂದು ಎಲ್ಲಿ? ಹಡಗಕ್ಕ ಗಾಲಿಲ್ಲ. ಓಣ್ಯಾಗ ನೀರಿನ ವಿಷಯ ತಿಳದವರು ಒಬ್ಬರ, ನಮ್ಮ ಮನಿಯವರು. ನಾ ಹೋಗಿ ಕರಕೊಂಡು ಬಂದೆ. ಅವರು ಬಂದು ಬಾಗಲಾಗ ನಿಂತು, ಟೀವಿ ನೋಡಿದ್ರು. ನೋಡಿದ್ರು. ನೋಡಿದ್ರು. ಆಮ್ಯಾಲೆ ಬಾಯಿ ತಗದ್ರು.

"ದೋಣಿಗೆ ಹಣ್ಣು ಗಿಣ್ಣು ತುಳಸೂ ಪದ್ಧತಿ ಇಲ್ಲವಾ. ಮೊದಲ ಗಂಗವ್ವಗ ಉಡಿ ತುಂಬಬೇಕು. ಒಂದು ಕುಬಸಾ, ಐದು ಉತ್ತತ್ತಿ. ನೀರಿಗೆ ಹೇಳದ ನೀರ ಮ್ಯಾಲೆ ಹೋಗಬಾರದು."

ಇಪ್ಪತ್ತು ವರ್ಷದಾಗ ಆ ಮನುಷ್ಯಾ ಅಷ್ಟು ಮಾತು ಒಮ್ಮೆಲೇ ಆಡಿದ್ದು ನಾ ಕೇಳಿರಲಿಲ್ಲ. ನಾ ಆರತಿ ತಾಟು ಅಲ್ಲೇ ಇಟ್ಟು ಕುಬಸಾ ಹುಡಕಾಕ ಓಡಿದೆ.

ಟೀವಿ ಮುಂದ ಕುಬಸಾ, ಉತ್ತತ್ತಿ ಇಟ್ವಿ. ಆದ್ರ ಅತ್ತಿಗೆ ಕೊಯ್ದ ನಿಂಬಿಹಣ್ಣು ವ್ಯರ್ಥ ಮಾಡಾಕ ಮನಸಾಗಲಿಲ್ಲ. ಯಾರೂ ನೋಡದಾಗ ಹೋಳು ರಿಮೋಟಿನ ಕೆಳಗಿಟ್ಟು ಗಟ್ಟ್ಯಾಗಿ ಒತ್ತಿಬಿಟ್ಟಳು. ರಸ ಎಲ್ಲಾ ಗುಂಡಿ ಒಳಗ ಇಳೀತು. ಅವತ್ತಿನಿಂದ ಹಡಗ ಎಡಕ್ಕ ತಿರಗೂದ ಬಿಟ್ಟಿತು. ಇಳಕಲ್ ಬಸ್ಸಿನ ಕಂಡಕ್ಟರ್ ಕೈಯಾಗ ತಮ್ಮ ಇನ್ನೊಂದು ರಿಮೋಟ್ ಕಳಸೂ ಮಟಾ ನಮ್ಮ ಕಳ್ಳರು ಸಮುದ್ರದಾಗ ಬರೇ ಪ್ರದಕ್ಷಿಣಿ ಹಾಕಿದ್ರು.

೩. ಈಜು ಬರದ ಕಳ್ಳರು

ಮುಂದ ನಮ್ಮ ಮನಿಯವರು ದಿನಾ ಮಧ್ಯಾಹ್ನ ಉಂಡ ಕೈ ತೊಳದು ಬಾಜೂಮನಿಗೆ ಹೋಗಾಕ ಹತ್ತಿದ್ರು. ಸೊಸಿ ಅವರ ಕೈಗೆ ಹಡಗ ಕೊಟ್ಟು, ತಾ ತೋಪು ಹೊಡೀತಿದ್ಲು. ಗಾಳಿ ಎತ್ತಲಾಗಿಂದ ಬರತೈತಿ, ಸುಳಿ ಎಲ್ಲೈತಿ ಅನ್ನೂದು ಟೀವಿ ನೋಡೇ ಹೇಳತಿದ್ರು. ತಮ್ಮ ಅಂತಿದ್ದ, "ಅಜ್ಜಾರ, ನಿಮ್ಮಂಥಾ ಅಂಬಿಗ ಅಮೇರಿಕಾದವರ ಹಡಗದಾಗೂ ಇಲ್ಲರಿ."

ಆದ್ರ ಒಂದು ಚಟ. ವೈರಿ ಹಡಗ ಮುಳಗಿತು ಅಂದ್ರ ಸೊಸಿ ಮತ್ತು ತಮ್ಮ "ಹೋಯ್" ಅಂತ ಕೂಗತಿದ್ರು. ಇವರು ಹಡಗ ಹೊಳ್ಳಿಸಿಬಿಡತಿದ್ರು.

"ಅಜ್ಜಾರ, ಎಲ್ಲಿ ಹೊಂಟ್ರಿ?"

"ನೀರಾಗ ಮಂದಿ ಅದಾರಲ್ಲೋ."

"ಅವರು ಕಳ್ಳರ್ರಿ, ಅಜ್ಜಾರ!"

"ಕಳ್ಳರಾದ್ರ ಈಜು ಬರತೈತೇನು?"

ಒಬ್ಬೊಬ್ಬನ್ನ ಎತ್ತಿ ಹಡಗಕ್ಕ ಹಾಕ್ಕೊಳ್ಳೂದು. ಹತ್ತು ದಿನದಾಗ ಹಡಗದಾಗ ನಿಂದ್ರಾಕ ಜಾಗಾ ಇಲ್ಲ. ಬಾದಾಮಿ ಅಮವಾಸಿ ಬಸ್ಸಿನ ಗತಿ ಆಗಿತ್ತು. "ಇವರನ್ನೆಲ್ಲ ದಂಡಿಗೆ ಬಿಡೂಣು, ಮನ್ಯಾಗ ಕಾಯ್ತಿರ್ತಾರ" ಅಂತ ಇವರು ಸೊಸಿಗೆ ಗಂಟು ಬೀಳತಿದ್ರು. ನಮ್ಮ ಮನ್ಯಾಗ ಸಿಲಿಂಡರ್ ಎತ್ತಿ ಒಳಗಿಡ್ರಿ ಅಂದ್ರ ಸೊಂಟನೋವು ಅನ್ನೂ ಮನುಷ್ಯಾ, ಗುರ್ತಿಲ್ಲದ ನೂರು ಕಳ್ಳರನ್ನ ಎತ್ತಿದ್ರು ನೋಡ್ರಿ.

ಒಂದಿನ ಆಟದಾಗ ಮುಳಗಿದ ಊರು ಬಂತು. ನೀರಿನ ತಳದಾಗ ಬೀದಿ, ಕಟ್ಟಿ, ಬಾಗಲಾ, ಪಾವಟಿಗಿ. ಮೀನು ಕಿಡಕಿಯಾಗ ಹಾದು ಹೋಗತಿದ್ದವು. ಒಂದು ಮನಿ ಮೂಲ್ಯಾಗ ಪೆಟಗಿ ಇತ್ತು. ಸೊಸಿ ಎತ್ತಾಕ ಹೋದ್ಲು. ಇವರು ಮೆಲ್ಲಕ ಅಂದ್ರು, "ಬ್ಯಾಡವಾ. ಯಾರದೋ ಮನಿದು. ಹೊತ್ತು ಸಿಗಲಿಲ್ಲ ಅಂತ ಬಿಟ್ಟು ಹೋಗಿರಬೇಕು."

ಸೊಸಿ ಪೆಟಗಿ ಅಲ್ಲೇ ಬಿಟ್ಟಳು. ನನಗ ಅಲ್ಲಿ ಹಿನ್ನೀರಾಗ ಹೋದ ನಮ್ಮ ಓಣಿ ಕಂಡಂಗಾತು. ಅಳೂದಕ್ಕಿಂತ ಬೈಯೂದು ನನಗ ಹಗುರ. "ತಂಗಿ, ಆ ಅಡಗಿಮನಿ ಗೂಡಿನ್ಯಾಗ ಕೈ ಹಾಕಿ ನೋಡು," ಅಂದೆ. "ನನ್ನ ಹಿತ್ತಾಳಿ ಕೊಡಪಾನ ಅಲ್ಲೇ ಬಿಟ್ಟು ಬಂದಾರ ಇವರು. ಸಿಕ್ರ ತಗೊಂಡು ಬಾ."

೪. ಯಾವಾಕಿ ಆಕಿ?

ಹುನಗುಂದಕ್ಕ ಮಗಳ ಮನಿಗೆ ಹೋಗಿ ಹದಿನೈದು ದಿನ ಇದ್ದು ಬಂದೆ. ಚೀಲ ಇಳಿಸಿಲ್ಲ, ಹಾಲಿನಾಕಿ ಬಂದು ಕಟ್ಟಿ ಮ್ಯಾಲೆ ಕುಂತಳು. ಆಕಿ ಕುಂದ್ರೂ ತರಹಾ ನೋಡೇ ನನಗ ತಿಳೀತು. ಅದು ನನ್ನದ ತರಹಾ.

"ಆಯಿ, ನಿನಗ ಹೇಳಬಾರದು."

"ಮತ್ತ ಹೇಳಬ್ಯಾಡ."

"ನಿಮ್ಮ ಅಜ್ಜಾರು ಬಾಜೂಮನ್ಯಾಗ ಕುಂತು ಯಾವಾಕಿದೋ ಹೆಸರು ಹಿಡದು ಕೂಗತಾರ. 'ಅಂಜಬ್ಯಾಡ, ನಾ ಅದೇನಿ' ಅಂತಾರ. 'ನಿನ್ನ ಮುಳಗಾಕ ಬಿಡೂದಿಲ್ಲ' ಅಂತಾರ. ಕಣ್ಣಾಗ ನೀರಂತ."

"ಹೆಸರೇನು?"

"ಬೀದ್ಯಾಗ ನಿಂತು ಹೆಸರು ಸರಿಯಾಗಿ ಕೇಳಸಲಿಲ್ಲ. ಆದ್ರ ಶಾಂತವ್ವ ಅಂತೂ ಅಲ್ಲ, ಆಯಿ."

ಐವತ್ತು ವರ್ಷ ಓಣಿ ಮಂದಿ ಸಂಸಾರ ಸುಲದು ಬೀದ್ಯಾಗ ಹಾಕಿದಾಕಿ ನಾ. ನಂದು ಸುಲದಾಗ ಹೆಂಗ ಉರೀತೈತಿ ಅನ್ನೂದು ಅವತ್ತು ಗೊತ್ತಾತು. ನನ್ನ ಹೆಸರು ಕರ್ಯಾಕ ಬಾಯಿ ಇಲ್ಲ, ಇನ್ನೊಬ್ಬಾಕಿ ಹೆಸರಿಗೆ ಕಣ್ಣಾಗ ನೀರು! ಅವತ್ತು ಅನ್ನ ಸೇರಲಿಲ್ಲ. ಅವರು ಉಂಡು, ಕೈ ತೊಳದು, ಬಾಜೂಮನಿಗೆ ಹೋದ್ರು. ನಾ ಹಿತ್ತಲಿಂದ ಹೋಗಿ ಅದ ಬಾಗಲಾಗ, ಅವತ್ತು ಹೆಪ್ಪು ಕೇಳಾಕ ನಿಂತ ಜಾಗಾದಾಗ ನಿಂತೆ.

ಒಳಗ ತೋಪಿನ ಸಪ್ಪಳ. ನಡುವ ನಮ್ಮವರ ದನಿ, ಹಳೇ ಹೊಳಿ ದಂಡಿ ಮ್ಯಾಲಿನ ದನಿ, ಆಚೀ ದಂಡಿಗೂ ಮುಟ್ಟೂವಂಥಾದ್ದು.

"ತುಂಗವ್ವಾ! ತಡಿ, ತಡಿ! ತುಂಗವ್ವಗ ನೀರು ಹೊಕ್ಕೈತಿ, ತಮ್ಮಾ ಲಗೂನ ಬಾ! ತುಂಗವ್ವಾ, ಅಂಜಬ್ಯಾಡ!"

ನಾ ಒಂದು ಹೆಜ್ಜಿ ಒಳಗ ಇಟ್ಟೆ. ಬಾಗಲಾ ಹಿಡಕೊಂಡೆ. ತುಂಗವ್ವ ಅಂದ್ರ ನಾನ. ಅದು ನನ್ನ ತವರುಮನಿ ಹೆಸರು. ನಮ್ಮವ್ವ ಸತ್ತ ಮ್ಯಾಲೆ ಈ ಭೂಮಿ ಮ್ಯಾಲೆ ಅದನ್ನ ಯಾರೂ ಕರದಿರಲಿಲ್ಲ.

ಸೊಸಿ ನನ್ನ ನೋಡಿಬಿಟ್ಟಳು. "ಆಯಿ, ಹೆಪ್ಪು ಬೇಕಾಗಿತ್ತೇನ್ರಿ?" ಅಂದ್ಲು ಕಳ್ಳಿ. ಒಳಗ ಕರಕೊಂಡು ಹೋಗಿ ಕುಂದ್ರಿಸಿದ್ಲು. "ನೀವು ಹುನಗುಂದಕ್ಕ ಹೋದಾಗ ಇನ್ನೊಂದು ಹೊಸಾ ಹಡಗ ಸಿಕ್ತ್ರಿ, ಅದಕ್ಕ ಹೆಸರಿಡ್ರಿ ಅಂತ ಆಟ ಕೇಳತ್ರಿ. ಅಜ್ಜಾರು ಇದನ್ನ ಹೇಳಿದ್ರು. ಯಾರು ಅಂತ ಕೇಳಿದ್ರ ಹೇಳವಲ್ರು."

ನಮ್ಮವರು ರಿಮೋಟ್ ಹಿಡಕೊಂಡು, ಮದಲಿಂಗನ ಹಂಗ ತಲಿ ಬಗ್ಗಿಸಿ ಕುಂತಿದ್ರು.

"ಈ ಹೆಸರು ನಿಮಗ ಹೆಂಗ ಗೊತ್ತು?" ಅಂದೆ.

"ನೀ ಸಣ್ಣಾಕಿದ್ದಾಗ ನಿಮ್ಮವ್ವ ಆಚೀ ದಂಡ್ಯಾಗ ನಿಂತು ಹಂಗ ಕೂಗತಿದ್ಲು. ನಾ ದೋಣ್ಯಾಗ ಕುಂತು ಕೇಳತಿದ್ದೆ. ನಮ್ಮವ್ವ ಶಾಂತವ್ವ ಅಂತ ಇಟ್ಟಳು. ನನ್ನ ಬಾಯಿಗೆ ಅದು ಹತ್ತಲಿಲ್ಲ."

ಐವತ್ತು ವರ್ಷದ "ಏ" ಅನ್ನೂದರ ಒಳಗ ಇದು ಕುಂತಿತ್ತು. ಕಣ್ಣು ತುಂಬಿ ಬಂದವು. ಸೊಸಿ ಮುಂದ ಅತ್ರ ನನ್ನ ಮಾನ ಉಳೀಬೇಕಲ್ಲ, ಮೂಗು ಸೆರಗಿಗೆ ಒರಸಿಕೊಂಡು ಜಬರಿಸಿದೆ.

"ಇಡೂದು ಇಟ್ರಿ, ಈ ಬುಟ್ಟಿಯಂಥಾ ದೊಡ್ಡ ಹಡಗಕ್ಕ ಯಾಕ ಇಟ್ರಿ? ಅಲ್ಲಿ ಸಣ್ಣದು, ನಾಜೂಕು ಒಂದೈತಲ್ಲ?"

ಅವರು ಟೀವಿ ನೋಡಿಕೋಂತನ ಅಂದ್ರು, "ಅದಕ್ಕ ನಾಕ ತೋಪು. ಇದಕ್ಕ ನಲವತ್ತು. ಒಂದೂ ಸುಮ್ಮನಿರೂದಿಲ್ಲ."

ಇಳಕಲ್ಲಿನ ಸೀರಿ ಅಂಗಡ್ಯಾಗ ಒಬ್ಬಾಂವ ನಕ್ಕಿದ್ದು ನಮ್ಮ ನವನಗರ ತುಂಬ ಕೇಳಿಸ್ತು.

ಮರುದಿನ ಹಾಲಿನಾಕಿ ಬಂದ್ಲು. "ಯಾವಾಕಿ ಅಂತ ಗೊತ್ತಾತೇನು ಆಯಿ?"

"ಗೊತ್ತಾತವಾ. ಹೊಳಿ ಆಚೀ ದಂಡಿಯಾಕಿ ಅಂತ. ಭಾಳ ಚೆಲುವಿ. ಮದವಿಗಿಂತ ಮೊದಲಿನ ಸಂಬಂಧ."

ಆಕಿ ಹಾಲಿನ ಕ್ಯಾನ್ ನಮ್ಮ ಕಟ್ಟಿ ಮ್ಯಾಲೇ ಬಿಟ್ಟು ಓಡಿದ್ಲು. ನಾಕು ಹೊಡ್ಯೂದ್ರಾಗ ನನಗ ಸಮಾಧಾನ ಹೇಳಾಕ ಹನ್ನೆರಡು ಮಂದಿ ಹೆಂಗಸರು ಬಂದು ಕುಂತ್ರು. ಒಬ್ಬಾಕಿ ನನ್ನ ಬೆನ್ನು ಸವರಿದ್ಲು, ಒಬ್ಬಾಕಿ ನನಗಿಂತ ಮೊದಲ ಅತ್ತಳು. ನಾನೂ ಸೆರಗು ಮಾರಿಗೆ ಹಿಡದು, ಎಲ್ಲಾರಿಗೂ ಚಾ ಮಾಡಿ ಕೊಟ್ಟೆ. "ಹೆಸರರ ಹೇಳ ಆಯಿ" ಅಂತ ಎಷ್ಟು ಕೇಳಿದ್ರೂ ಹೇಳಲಿಲ್ಲ. ನನ್ನ ಜೀವಮಾನದಾಗ ನಾ ಇಟ್ಕೊಂಡ ಎರಡನೇ ಸುದ್ದಿ ಅದು.

ಅದೂ ಉಳೀಲಿಲ್ಲ. ಅಷ್ಟರಾಗ ಒಳಗಿಂದ ನಮ್ಮವರು, ಬಾಯಿ ರೂಢಿ ಆಗಿತ್ತಲ್ಲ, ಕೂಗೇಬಿಟ್ರು. "ತುಂಗವ್ವಾ, ನನಗೂ ಒಂದು ಕಪ್ ಚಾ ತಾ!"

ಹನ್ನೆರಡೂ ಮಂದಿ ಚಾದ ಕಪ್ ಕೆಳಗಿಟ್ಟು ಒಳಗ ನುಗ್ಗಿದ್ರು. ಹಾಲಿನಾಕಿ ಮಂಚದ ಕೆಳಗೂ ಬಗ್ಗಿ ನೋಡಿದ್ಲು.