ಒಂಟೆ ಬೇಲಿಗೆ ನಾನು ಹಾಕಿದ ಟಿಕ್ಕು

ಇನ್ನೊಬ್ಬರ ಸರಕಿನಲ್ಲಿ ತಪ್ಪು ಹುಡುಕುವುದೇ ಹೊಟ್ಟೆಪಾಡಾದವನಿಗೆ ತನ್ನ ತಪ್ಪು ಕಣ್ಣಿಗೆ ಬೀಳುವುದು ಬಹಳ ತಡವಾಗಿ. ನಾನು ಅಬುಧಾಬಿಯ ಒಂದು ತೈಲ ಕಂಪನಿಯ ಯಾರ್ಡಿನಲ್ಲಿ ಪೈಪ್ ಪರೀಕ್ಷಕ. ಬಾವಿಯಿಂದ ಎತ್ತಿದ ಹಳೆಯ ಪೈಪುಗಳನ್ನು ನೋಡಿ, ಇದು ಇನ್ನೂ ಕೆಲಸಕ್ಕೆ ಬರುತ್ತದೆ, ಇದು ಗುಜರಿಗೆ ಎಂದು ತೀರ್ಪು ಕೊಡುವವನು. ಹತ್ತೊಂಬತ್ತು ವರ್ಷ ತೀರ್ಪು ಕೊಟ್ಟೂ ಕೊಟ್ಟೂ ಆ ಚಾಳಿ ಮನೆಯೊಳಗೂ ನುಗ್ಗಿದೆ. ಬದನೆಕಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತೇನೆ. "ನನ್ನನ್ನೂ ಹೀಗೇ ನೋಡಿ ಒಪ್ಕೊಂಡ್ರಿ. ನಿಮ್ಮನ್ನ ಮಾತ್ರ ಯಾರೂ ಸರಿಯಾಗಿ ನೋಡ್ಲಿಲ್ಲ" ಎನ್ನುತ್ತಾಳೆ ನನ್ನ ಹೆಂಡತಿ ಸುಮಾ. ಮೈಸೂರಿನವಳು, ನಗುನಗುತ್ತಲೇ ಹೇಳುತ್ತಾಳೆ.

ನಮ್ಮ ಯಾರ್ಡಿನ ಮೇಲಧಿಕಾರಿಯಾಗಿದ್ದ ಅಬು ಸಯೀದ್ ಇಲ್ಲಿನವರೇ. ನಿವೃತ್ತರಾದ ಮೇಲೆ ಊರಾಚೆ ಮರಳಿನಲ್ಲಿರುವ ತಮ್ಮ ಇಜ್ಬಾದಲ್ಲಿ, ಅಂದರೆ ದೊಡ್ಡಿಯಲ್ಲಿ, ಒಂಟೆಗಳ ಜೊತೆ ಇರುತ್ತಾರೆ. ಒಂಟೆಗೆ ಕತ್ತು ತುರಿಸಿದರೆ ಬೇಲಿಗೆ ಒರಗುತ್ತದೆ. ಅದು ಒರಗಿದರೆ ತಂತಿ ಬೇಲಿ ಮಲಗುತ್ತದೆ. ಹಾಗೆ ಮಲಗಿದ ಬೇಲಿ ದಾಟಿ ಅವರ ಒಂಟೆಯೊಂದು ಹೆದ್ದಾರಿಗೆ ಹೋಗಿ ಲಾರಿಗೆ ಸಿಕ್ಕು ಸತ್ತಿತು. ಆ ವಾರವಿಡೀ ಅವರು ಯಾರ ಫೋನನ್ನೂ ಎತ್ತಲಿಲ್ಲವಂತೆ. ಆಮೇಲೆ ನನ್ನನ್ನು ಕರೆದು, ತಮ್ಮ ಗಲ್ಫ್ ಹಿಂದಿಯಲ್ಲಿ, "ಗುಜರಿಯವನ ಹತ್ತಿರ ಬಾವಿಯ ಪೈಪುಗಳಿವೆ. ಬೇಲಿಗೆ ನೀನೇ ಆರಿಸಿಕೊಡು. ನಿನ್ನ ಕಣ್ಣಿನ ಮೇಲೆ ನನಗೆ ನಂಬಿಕೆ" ಎಂದರು.

ನಂಬಿಕೆ ಎಂಬ ಮಾತು ಕೇಳಿದರೆ ನನ್ನ ಎದೆ ಉಬ್ಬುತ್ತದೆ. ಉಬ್ಬಿದ ಎದೆಯಿಂದ ಬಗ್ಗಿ ನೋಡುವುದು ಕಷ್ಟ. ಮುಸಫ್ಫಾದ ಗುಜರಿ ಅಂಗಳದಲ್ಲಿ ಬಿಸಿಲು ಸುಡುತ್ತಿತ್ತು. ಮೇಲಿನ ಸಾಲಿನ ಪೈಪುಗಳನ್ನು ನೋಡಿದೆ, ಚೆನ್ನಾಗಿದ್ದವು. ಕೆಳಗಿನವೂ ಅವುಗಳ ಅಣ್ಣತಮ್ಮಂದಿರೇ ತಾನೆ ಎಂದುಕೊಂಡು ಎಲ್ಲಕ್ಕೂ ಸೀಮೆಸುಣ್ಣದಲ್ಲಿ ಟಿಕ್ ಎಳೆದು, ಏಸಿ ಕೋಣೆಗೆ ಹೋಗಿ ಸುಲೈಮಾನಿ ಚಹಾ ಕುಡಿದೆ.

ಶುಕ್ರವಾರ ಬೆಳಿಗ್ಗೆ ಇಜ್ಬಾದಲ್ಲಿ ಕೆಲಸ. ವೆಲ್ಡಿಂಗಿಗೆ ಹಮೀದಾಕ ಬಂದಿದ್ದರು. ಉಪ್ಪಿನಂಗಡಿ ಕಡೆಯ ಬ್ಯಾರಿ. ಹಿರಿಯರಾದ್ದರಿಂದ ಎಲ್ಲರಂತೆ ನಾನೂ ಹಮೀದಾಕ, ಅಂದರೆ ಹಮೀದಣ್ಣ, ಎನ್ನುತ್ತೇನೆ. ಮೆಷಿನ್ ಇಳಿಸಿದವರು ಅದನ್ನು ಚಾಲೂ ಮಾಡದೆ, ಸುತ್ತಿಗೆ ಹಿಡಿದು ಒಂದೊಂದೇ ಪೈಪನ್ನು ಕುಟ್ಟಿ ಕಿವಿಗೊಡತೊಡಗಿದರು. ತುದಿಯ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿದರು. ನನಗೆ ಇರಿಸುಮುರಿಸಾಯಿತು.

"ಯಲ್ಲಾ, ಬೇಗ ಆಗ್ಲಿ ಹಮೀದಾಕ, ಬಿಸಿಲೇರ್ತಾ ಇದೆ. ನಾನೇ ಟಿಕ್ ಹಾಕಿದೀನಲ್ಲ."

"ನಿಮ್ಮ ಟಿಕ್ಕು ಹೊರಗೆ ಉಂಟು ಸಾರ್" ಎಂದರು ಅವರು, ತಲೆಯೆತ್ತದೆ. "ನಂಗೆ ಒಳಗೆ ನೋಡ್ಬೇಕು."

ಹನ್ನೊಂದನೆಯದೋ ಹನ್ನೆರಡನೆಯದೋ ಪೈಪಿನ ಮೇಲೆ ಸುತ್ತಿಗೆ ಬಿದ್ದಾಗ ಸದ್ದು ಮಂಕಾಗಿತ್ತು. ಒಂದು ತುದಿಯಲ್ಲಿ ಗಟ್ಟಿಯಾದ ಕೆಸರು. ಇನ್ನೊಂದು ತುದಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಮುಚ್ಚಳ. ಹಮೀದಾಕ ನನ್ನನ್ನು ದೂರ ನಿಲ್ಲಿಸಿ, ತಾವೂ ಪಕ್ಕಕ್ಕೆ ಸರಿದು, ಮುಚ್ಚಳವನ್ನು ನಿಧಾನವಾಗಿ ತಿರುಗಿಸಿದರು. ಉಸ್ಸೆಂದು ಒಂದು ಸದ್ದು ಬಂತು. ಪೆಟ್ರೋಲ್ ಬಂಕಿನಂಥ ವಾಸನೆ ಮರಳಿನ ಮೇಲೆ ಹರಡಿತು. ಆಮೇಲೆ ಕಪ್ಪು ಎಣ್ಣೆ ತೊಟ್ಟಿಕ್ಕಿತು. ಪೈಪಿನ ಮೈಮೇಲೆ ನನ್ನ ಟಿಕ್ಕು, ಬಿಳಿಯಾಗಿ, ನೀಟಾಗಿ.

ಅದಕ್ಕೆ ವೆಲ್ಡಿಂಗಿನ ಬೆಂಕಿ ತಾಗಿದ್ದರೆ ಏನಾಗುತ್ತಿತ್ತೆಂದು ಹೇಳಿಕೊಡುವ ತರಗತಿಯನ್ನು ನಮ್ಮ ಕಂಪನಿಯಲ್ಲಿ ನಡೆಸುವವನು ನಾನೇ. ಅಲ್ಲೇ ಮರಳಿನ ಮೇಲೆ ಕೂತೆ. ಹಮೀದಾಕ ನೀರಿನ ಬಾಟಲಿ ತಂದುಕೊಟ್ಟರು.

"ಕುಡೀರಿ ಸಾರ್. ಎಂತ ಆಗ್ಲಿಲ್ಲ ಅಲ್ವಾ?"

"ನಿಮಗೆ ಹೇಗೆ ಅನುಮಾನ ಬಂತು?"

"ಅನುಮಾನ ಎಂತದ್ದಿಲ್ಲ. ನನ್ನ ರೂಮಿನವ ಒಬ್ಬ ಇದ್ದ. ಅವ ನೋಡ್ಲಿಲ್ಲ." ಅಷ್ಟು ಹೇಳಿ ಆ ಪೈಪನ್ನು ದೂರ ಉರುಳಿಸಿ, ಉಳಿದವನ್ನು ನೀರು ಬಿಟ್ಟು ತೊಳೆಯಲು ಹೋದರು. ಅವರು ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಬೇಲಿ ಮುಗಿಯಲು ಮೂರು ಶುಕ್ರವಾರ ಹಿಡಿಯಿತು. ಮೂರರಲ್ಲೂ ನಾನು ಹೋಗಿ, ಅವರು ಹೇಳಿದ ಕಡೆ ಪೈಪ್ ಹಿಡಿದು ನಿಂತೆ. ಒಂಟೆಗಳು ಬಂದು ಕತ್ತು ಉಜ್ಜಿದವು, ಬೇಲಿ ಅಲುಗಲಿಲ್ಲ. ಅಬು ಸಯೀದ್ ನೆಂಟರನ್ನೆಲ್ಲ, ಜೊತೆಗೆ ನಮ್ಮಿಬ್ಬರನ್ನೂ, ಊಟಕ್ಕೆ ಕರೆದರು. ಅನ್ನದ ದೊಡ್ಡ ತಟ್ಟೆಯ ಸುತ್ತ ಕೂತಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಒಂದೊಂದು ಪೈಪನ್ನೂ ಇವನೇ ನೋಡಿ ಆರಿಸಿದ್ದು" ಎಂದು ಎಲ್ಲರಿಗೂ ಹೇಳಿದರು. ಹಮೀದಾಕ ತಲೆ ತಗ್ಗಿಸಿ ಊಟ ಮಾಡುತ್ತಿದ್ದರು. ಅವರು ಯಾರಿಗೂ ಹೇಳಿರಲಿಲ್ಲ, ಹೇಳುವವರೂ ಅಲ್ಲ.

ಹೊಗಳಿಕೆಯನ್ನು ಹಾಗೇ ಒಪ್ಪಿಕೊಂಡುಬಿಡಬಹುದಿತ್ತು. ಆದರೂ ಹೇಳಿದೆ: "ಇಲ್ಲ, ನಾನು ನೋಡಲಿಲ್ಲ. ನೋಡದೆ ಟಿಕ್ ಹಾಕಿದೆ. ಒಂದು ಪೈಪಿನಲ್ಲಿ ಗ್ಯಾಸ್ ಇತ್ತು. ನನ್ನ ಮಾತು ಕೇಳಿದ್ದರೆ ಇವರು ಇವತ್ತು ಇಲ್ಲಿ ಕೂತಿರುತ್ತಿರಲಿಲ್ಲ. ನೋಡಿದ್ದೆಲ್ಲ ಇವರೇ."

ಅಬು ಸಯೀದ್ ನನ್ನನ್ನು ಅಪ್ಪಿಕೊಂಡು, "ನೋಡಿದಿರಾ ಇವನ ದೊಡ್ಡತನ! ಕೆಲಸದವನಿಗೆ ಹೆಸರು ಬರಲಿ ಎಂದು ತನ್ನ ಮೇಲೇ ತಪ್ಪು ಹಾಕಿಕೊಳ್ಳುತ್ತಾನೆ" ಎಂದರು. ನೆಂಟರೆಲ್ಲ ತಲೆದೂಗಿದರು. ಯಾರೋ ಎಲ್ಲಕ್ಕಿಂತ ಮೆತ್ತಗಿನ ಮಾಂಸದ ತುಂಡನ್ನು ನನ್ನ ಮುಂದೆ ಸರಿಸಿದರು. ನಾನು ಸಸ್ಯಾಹಾರಿ.

ಮರಳಿ ಬರುವಾಗ ಕಾರಿನಲ್ಲಿ ಹಮೀದಾಕ, "ಬಿಡಿ ಸಾರ್. ನೀವು ಹೇಳಿದ್ರಿ, ನಾನು ಕೇಳಿದೆ. ಖಲಾಸ್" ಎಂದರು. ಅವರ ಮಟ್ಟಿಗೆ ಮುಗಿಯಿತು. ನಾನು ಮಾತ್ರ ಇಲ್ಲಿ ಎಲ್ಲವನ್ನೂ ಬರೆದು ಒಪ್ಪಿಸುತ್ತಿದ್ದೇನೆ; ನೀವಾದರೂ ನಂಬಿ. ನಂಬದೆ, ಪಾಪ ಎಂಥ ವಿನಯವಂತ ಎಂದುಕೊಂಡರೆ, ಒಮ್ಮೆ ಅಲ್ಲವೆನ್ನುತ್ತೇನೆ. ಎರಡನೆಯ ಸಲ ಅಲ್ಲವೆನ್ನುವಷ್ಟು ಗಟ್ಟಿ ಮನಸ್ಸು ನನಗಿಲ್ಲ.