ಹಣೆಯ ಬೊಟ್ಟು ಮತ್ತು ಕಾರ್ಪೆಟ್ ಟೇಪು

ಅಂಟು ಏಕೆ ಅಂಟುತ್ತದೆ ಎಂದು ಯಾರಾದರೂ ಕೇಳಿದ್ದರೆ, "ಅಂಟಾದ್ದರಿಂದ" ಎಂದು ಹೇಳಿ ನಾನು ಕಾಫಿ ಕುಡಿಯಲು ಹೋಗುತ್ತಿದ್ದೆ. ಕಾನ್ವೆಂಟಿನಲ್ಲಿ ಫಿಸಿಕ್ಸ್ ಬಿಟ್ಟು ನೀಡಲ್‌ವರ್ಕ್ ಆರಿಸಿಕೊಂಡವಳು ನಾನು. ಆ ಆತ್ಮವಿಶ್ವಾಸ ಹಾಲೆಂಡಿನ ಡೆಲ್ಫ್ಟ್‌ನ ಮಗಳ ಮನೆಯಲ್ಲಿ, ಲಾಕ್‌ಡೌನ್ ಕಾಲದಲ್ಲಿ, ನನ್ನ ಹಣೆಯ ಮೇಲೆಯೇ ಮುರಿದುಬಿತ್ತು.

ಸ್ವಲ್ಪ ದಿನ ಇದ್ದು ಹೋಗೋಣವೆಂದು ಬಂದಿದ್ದೆ. ವಿಮಾನಗಳು ನಿಂತವು. ತಂದಿದ್ದ ಸ್ಟಿಕ್ಕರ್ ಬೊಟ್ಟುಗಳು ಮುಗಿಯುತ್ತ ಬಂದವು. ಮಲಗುವಾಗ ಬಾತ್‌ರೂಮಿನ ಕನ್ನಡಿಗೆ ಅಂಟಿಸುವುದು, ಬೆಳಿಗ್ಗೆ ಅದನ್ನೇ ಕಿತ್ತು ಹಣೆಗೆ ಇಡುವುದು ನನ್ನ ಹಳೆಯ ಎಕಾನಮಿ. ಆದರೆ ಕೊನೆಯ ಬೊಟ್ಟು ಕನ್ನಡಿಯನ್ನೂ ಒಲ್ಲದು, ನನ್ನನ್ನೂ ಒಲ್ಲದು. ಒಂದು ಮಧ್ಯಾಹ್ನ ಅಳಿಯ ವೀರೇಶ ಅದನ್ನು ತನ್ನ ಸಾರಿನಿಂದ ಚಮಚದಲ್ಲಿ ಎತ್ತಿ, "ಅತ್ತಿ, ಇದು ಮೆಣಸಿನಕಾಯಿ ಅಲ್ರೀ" ಎಂದು ಗೌರವದಿಂದ ತಟ್ಟೆಯ ಅಂಚಿಗಿಟ್ಟ.

ನನಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಭಾನುವಾರ ನಮ್ಮ ಸ್ಕೂಲಿನ ಗೆಳತಿಯರ ವಿಡಿಯೊ ಮೀಟಿಂಗ್ ಇತ್ತು. ನನ್ನವರು ತೀರಿಕೊಂಡ ಮೇಲೆ ಅವರೆಲ್ಲ ನನ್ನನ್ನು ನೋಡುವುದು ಅದೇ ಮೊದಲು. "ನಾನು ಹೋದ್ಮೇಲೂ ಬೊಟ್ಟು ಇಟ್ಕೋ. ಇಲ್ದಿದ್ರೆ ನಿನ್ನ ಮುಖ ಅಡ್ರೆಸ್ ಬರೀದೇ ಇರೋ ಕವರ್ ಥರ ಕಾಣತ್ತೆ" ಎಂದಿದ್ದರು ಯಜಮಾನರು. ಇಟ್ಟುಕೊಂಡೇ ಇದ್ದೆ. ಗೆಳತಿ ಕಮಲಾ ಮಾತ್ರ ಫೋನಿನಲ್ಲಿ, "ಇನ್ನೂ ಇಡ್ತೀಯೇನೇ?" ಎಂದು ರಾಗ ಎಳೆದಿದ್ದಳು. ಬರಿ ಹಣೆಯಲ್ಲಿ ಕೂತರೆ ಅವಳು ಗೆದ್ದ ಹಾಗೆ.

"ಲಿಪ್‌ಸ್ಟಿಕ್ಕಲ್ಲಿ ಒಂದು ಚುಕ್ಕೆ ಇಟ್ಕೋಮ್ಮ" ಎಂದಳು ಮಗಳು ನಂದಿನಿ.

"ಸ್ಕೂಲ್ ಡ್ರಾಮಾಗೆ ಹೊರಟ ಹಾಗೆ ಕಾಣತ್ತೆ ಕಣೆ."

ಕುಂಕುಮವೋ, ನನ್ನ ಚರ್ಮಕ್ಕೆ ಆಗದು. ಬೊಟ್ಟಿಗೇ ಬಿಸಿನೀರು, ಸೋಪಿನ ಸ್ನಾನ ಮಾಡಿಸಿದೆ. ಇದ್ದಷ್ಟು ಅಂಟೂ ಹೋಯಿತು. ಆಗ, ಯೂನಿವರ್ಸಿಟಿಯಲ್ಲಿ ಮೆಟೀರಿಯಲ್ಸ್ ರಿಸರ್ಚ್ ಮಾಡುವ ವೀರೇಶನನ್ನೇ ಕೇಳಿದೆ.

"ಅಂಟು ಅಂದ್ರ ಅತ್ತಿ, ಪೂರಾ ನೀರೂ ಅಲ್ಲ, ಪೂರಾ ಗಟ್ಟಿನೂ ಅಲ್ಲ. ಒತ್ತಿದ್ರ ನಿಧಾನಕ ಹರಿದು ಚರ್ಮದ ಸಣ್ಣ ಸಣ್ಣ ತಗ್ಗಿನಾಗ ಕೂಡ್ತೈತಿ. ನಿಮ್ಮ ಬೊಟ್ಟಿನ ಮ್ಯಾಲೆ ಪೌಡರ್ ಕೂತೈತಿ, ಎಣ್ಣಿ ಕೂತೈತಿ. ಇನ್ನ ಹಣಿಗೆ ಜಾಗಾ ಎಲ್ಲೈತಿ?"

"ಡ್ರಾಯರಲ್ಲಿ ಸುಮ್ಮನೆ ಬಿದ್ದಿರೋ ಟೇಪು? ಅದು ಯಾರ ಹಣೆನೂ ಮುಟ್ಟಿಲ್ಲ. ಆದ್ರೂ ಹಳದಿಯಾಗಿ ಬಿಟ್ಕೊಳ್ಳತ್ತಲ್ಲಪ್ಪ?"

"ಗಾಳಿ, ಬೆಳಕು ಬಡದು ಬಿರುಸಾಗ್ತೈತ್ರಿ. ಆಮ್ಯಾಲೆ ಹರಿಯೂದಿಲ್ಲ, ಯಾರಿಗೂ ಹೊಂದ್ಕೊಳ್ಳೂದಿಲ್ಲ. ವಯಸ್ಸಾತು ಅಂದ್ಕೊಳ್ರಿ."

ಅವನ ಮುಖವನ್ನು ದಿಟ್ಟಿಸಿ ನೋಡಿದೆ. ಟೇಪಿನ ಬಗ್ಗೆಯೇ ಹೇಳುತ್ತಿದ್ದ.

ಶನಿವಾರ ಸಂಜೆ ಅವನ ಟೂಲ್‌ಬಾಕ್ಸಿನಲ್ಲಿ ಎರಡೂ ಬದಿ ಅಂಟುವ ಕಾರ್ಪೆಟ್ ಟೇಪು ಸಿಕ್ಕಿತು. ಮೇಲೆ ಡಚ್ ಭಾಷೆಯಲ್ಲಿ ಏನೋ ಎಚ್ಚರಿಕೆ ಇತ್ತು. ಕಾರ್ಪೆಟ್ಟಿಗೆ ಹೇಳಿದ್ದಿರಬೇಕು ಎಂದುಕೊಂಡೆ. ಉಗುರಿನ ಕತ್ತರಿಯಲ್ಲಿ ದುಂಡಗೆ ಕತ್ತರಿಸಿ ಬೊಟ್ಟಿನ ಹಿಂದೆ ಹಚ್ಚಿದೆ. ಅಳಿಯನ ವಿಜ್ಞಾನವನ್ನು ಅಕ್ಷರಶಃ ಪಾಲಿಸಿದೆ. ಹಣೆಯ ಎಣ್ಣೆ ಹೋಗಲೆಂದು ಸ್ಯಾನಿಟೈಸರ್ ಉಜ್ಜಿದೆ. ಅಂಟು ತಗ್ಗುಗಳಿಗೆಲ್ಲ ಹರಿಯಲೆಂದು, ಕಾನ್ವೆಂಟಿನ ಮಾರ್ನಿಂಗ್ ಪ್ರೇಯರ್ ಪೂರ್ತಿ ಹೇಳಿ ಮುಗಿಯುವವರೆಗೆ ಹೆಬ್ಬೆರಳಲ್ಲಿ ಒತ್ತಿ ನಿಂತೆ. ತಲೆ ಕೊಡವಿದೆ, ಬಗ್ಗಿದೆ. ಬೊಟ್ಟು ಅಲುಗಲಿಲ್ಲ. ಸಂಶೋಧನೆ ಯಶಸ್ವಿ!

ಅಲ್ಲಿಗೇ ಬಿಡಬೇಕಿತ್ತು. ಅಭ್ಯಾಸಬಲ, ನಾಳೆಗಿರಲೆಂದು ಕಿತ್ತು ಕನ್ನಡಿಗೆ ಅಂಟಿಸಲು ಹೋದೆ. ಬೊಟ್ಟು ಬಂತು. ಟೇಪು ಬರಲಿಲ್ಲ. ಟವೆಲಿನಿಂದ ಒರೆಸಿದೆ. ಟವೆಲ್ಲೂ ಬರಲಿಲ್ಲ. ಹಣೆಯಿಂದ ಟವೆಲ್ ಇಳಿಬಿಟ್ಟುಕೊಂಡೇ ಹೊರಗೆ ಬಂದೆ.

"ಅಮ್ಮ, ಇದೇನು ಹೊಸ ಮಾಸ್ಕಾ?" ಎಂದಳು ನಂದಿನಿ.

ವೀರೇಶ ಟೇಪಿನ ಸುರುಳಿ ನೋಡಿ ಪೆಚ್ಚಾದ. "ಅತ್ತಿ, ಬಾಗಲದಾಗಿನ ಮ್ಯಾಟಿಗೆ ಇದನ್ನ ಹಚ್ಚೀನ್ರಿ. ಅದನ್ನ ಕಿತ್ರ ನೆಲಾನ ಎದ್ದು ಬರ್ತೈತಿ."

ಕೊಬ್ಬರಿ ಎಣ್ಣೆ, ನಂದಿನಿಯ ತಾಳ್ಮೆ ಮತ್ತು ನನ್ನ ಚೀರಾಟ, ಮೂರೂ ಸೇರಿ ಟೇಪು ಬಂತು. ಜೊತೆಗೆ ನನ್ನದೂ ಒಂದು ಪದರ. ಹಣೆಯ ನಟ್ಟನಡುವೆ ದುಂಡಗೆ, ಕೆಂಪಗೆ ಒಂದು ಗುರುತು ಉಳಿಯಿತು.

ಭಾನುವಾರ ಕಮಲಾ ಸ್ಕ್ರೀನಿಗೆ ಮುಖ ಹತ್ತಿರ ತಂದಳು. "ಏ, ಬೊಟ್ಟು ತುಂಬಾ ನ್ಯಾಚುರಲ್ ಆಗಿದೆ ಕಣೆ. ನಂದು ಸುಮ್ಮನೆ ಉದುರಿಹೋಗತ್ತೆ. ನಿಂದು ಬೀಳಲ್ವಾ?"

"ಇದು ಬೀಳೋದಲ್ಲ ಕಣೆ. ಇಂಪೋರ್ಟೆಡ್" ಎಂದೆ.

ಉರಿಗೆ ಕಣ್ಣಲ್ಲಿ ನೀರು ಬಂತು. ಯಜಮಾನರ ನೆನಪಾಯಿತೆಂದು ಎಲ್ಲರೂ ಸಮಾಧಾನ ಹೇಳಿದರು. ಅದೂ ಪೂರ್ತಿ ಸುಳ್ಳಲ್ಲ.

ಗುರುತು ಮಾಸತೊಡಗಿದಾಗ ವೀರೇಶ ಹೇಗ್ ನಗರದ ಇಂಡಿಯನ್ ಅಂಗಡಿಯಿಂದ ಬೊಟ್ಟಿನ ಪ್ಯಾಕೆಟ್ ತರಿಸಿಕೊಟ್ಟ.

"ಇಲ್ಲಿ ಸಿಗ್ತಾವಾ? ಮೊದಲೇ ಹೇಳಬಾರದೇನಪ್ಪಾ?"

"ನೀವು ಅಂಟಿಂದು ಕೇಳಿದ್ರಿ ಅತ್ತಿ. ಬೊಟ್ಟಿಂದು ಎಲ್ಲಿ ಕೇಳಿದ್ರಿ?"

ಹೊಸ ಬೊಟ್ಟನ್ನು ಠೀವಿಯಿಂದ ಇಟ್ಟುಕೊಂಡು ಸಾರು ಬಡಿಸಿದೆ. ಗಾಯ ಮಾಗಲೆಂದು ಬೆಳಿಗ್ಗೆಯಷ್ಟೇ ಹಣೆಗೆ ಕೊಬ್ಬರಿ ಎಣ್ಣೆ ಬಳಿದುಕೊಂಡದ್ದು ಮರೆತೇಹೋಗಿತ್ತು.

ವೀರೇಶ ಚಮಚ ಎತ್ತಿದ. ಅದರಲ್ಲಿ ಹೊಸ ಬೊಟ್ಟು. ತಟ್ಟೆಯ ಅಂಚಿಗಿಟ್ಟು ಊಟ ಮುಂದುವರಿಸಿದ.